ಸೀಳದ, ಕುಂಟದ ಮಣೆ: ಕೈ ಹತಾರಗಳಲ್ಲೇ ಮಾಡುವ ಪೂರ್ತಿ ಕ್ರಮ

ಭಾನುವಾರದ ಮರಗೆಲಸ ಶುರು ಮಾಡಿದವರು ಮೊದಲು ಕೈ ಹಾಕುವುದು ಸಾಮಾನ್ಯವಾಗಿ ಊಟದ ಮಣೆಗೆ. ಒಂದು ಹಲಗೆ, ಕೆಳಗೆ ಎರಡು ಪಟ್ಟಿ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಸ್ನೇಹಿತರು ನನಗೆ ತಂದು ತೋರಿಸುವ ಮಣೆಗಳಲ್ಲಿ ಎರಡೇ ದೋಷ ಮತ್ತೆ ಮತ್ತೆ ಕಾಣುತ್ತವೆ. ಒಂದೋ ಹಲಗೆ ಉದ್ದಕ್ಕೂ ಸೀಳಿರುತ್ತದೆ, ಇಲ್ಲಾಂದರೆ ಕೂತರೆ ಕುಂಟುತ್ತದೆ. ಮಾಡಿದವರಿಗೆ ಕೈಚಳಕ ಇಲ್ಲ ಅಂತಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿರುತ್ತದೆ.

ನನ್ನ ಮೊದಲ ಮಣೆಯೂ ಸೀಳಿತು. ಆಷಾಢದ ಸೋನೆಮಳೆಯಲ್ಲಿ ಮಾಡಿದ್ದೆ. ಶಿವರಾತ್ರಿ ಹತ್ತಿರ ಬಂದಾಗ ಒಂದು ರಾತ್ರಿ ಅಡುಗೆಮನೆಯಲ್ಲಿ ‘ಟಪ್’ ಅಂತ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಹಲಗೆಯ ನಡುವೆ ಅಕ್ಕಿಕಾಳು ತೂರುವಷ್ಟು ಬಿರುಕು. ಮಂಡ್ಯದಲ್ಲಿ ಪರಿಚಯದ ಹಿರಿಯ ಆಚಾರಿಯೊಬ್ಬರಿಗೆ ತೋರಿಸಿದೆ. ಅವರು ಮಣೆಯನ್ನು ಬೋರಲು ಹಾಕಿ ಸ್ಕ್ರೂಗಳ ಮೇಲೆ ಬೆರಳಾಡಿಸಿ, "ಎಲ್ಲಾ ಕಡೆ ಬಿಗಿದುಬಿಟ್ಟಿದ್ದೀಯಲ್ಲಪ್ಪ, ಅದು ಎಲ್ಲಿಗೆ ಹೋಗಬೇಕು?" ಅಂದರು. ಆ ಮಾತಿನ ಅರ್ಥ 6ನೇ ಹಂತದಲ್ಲಿ ಬರುತ್ತದೆ. ಆದರೆ ಅಲ್ಲಿಗೆ ನೇರವಾಗಿ ಹಾರಬೇಡಿ. ಹಿಂದಿನ ಹಂತ ಸರಿಯಿಲ್ಲದೆ ಮುಂದಿನದು ಸರಿಯಾಗುವುದಿಲ್ಲ.

ಅಳತೆ ಹೀಗಿರಲಿ. ಹಲಗೆ 15 ಇಂಚು ಉದ್ದ, 11 ಇಂಚು ಅಗಲ, ಹತ್ತರಿ (ಮರವನ್ನು ತೆಳುವಾಗಿ ಕೆತ್ತಿ ಸಮ ಮಾಡುವ ಹತಾರ) ಹೊಡೆದ ಮೇಲೆ 22 ಮಿ.ಮೀ. ದಪ್ಪ. ಕೆಳಗಿನ ಪಟ್ಟಿ ಎರಡು, ಒಂದೊಂದೂ 10 ಇಂಚು ಉದ್ದ, ಒಂದೂವರೆ ಇಂಚು ಅಗಲ, 32 ಮಿ.ಮೀ. ಎತ್ತರ.

## 1. ಹತಾರ ಜೋಡಿಸಿಕೊಳ್ಳುವುದು

ಕರೆಂಟಿನ ಯಂತ್ರ ಒಂದೂ ಬೇಡ. ಒಂದು ಗರಗಸ, ಒಂದು ಹತ್ತರಿ (ಅಂಗಡಿಯಲ್ಲಿ ಕಬ್ಬಿಣದ ಜಾಕ್ ಪ್ಲೇನ್ ಅಂತ ಕೇಳಿ), ಒಂದು ಇಂಚಿನ ಉಳಿ, ಮರದ ಕೊಡತಿ, ಮೂಲೆಮಟ್ಟ, ಸ್ಟೀಲ್ ಅಳತೆಪಟ್ಟಿ, ಕೈಯಲ್ಲಿ ತಿರುಗಿಸುವ ಡ್ರಿಲ್, 3, 4.5 ಮತ್ತು 12 ಮಿ.ಮೀ. ಬಿಟ್‌ಗಳು, ಒಂದು ಸಣ್ಣ ಗುಂಡು ಅರ, ಸ್ಕ್ರೂಡ್ರೈವರ್, ಎರಡು ಸಿ ಕ್ಲ್ಯಾಂಪ್. ಮೈಸೂರಿನವರಾದರೆ ಶಿವರಾಂಪೇಟೆ, ಸಂತೇಪೇಟೆ ಕಡೆ ಒಂದು ಸುತ್ತು ಹಾಕಿದರೆ ಬಹುಪಾಲು ಸಿಗುತ್ತದೆ.

ಹಣ ಕಡಿಮೆಯಿದ್ದರೆ ಹತ್ತರಿಗೆ ಜಾಸ್ತಿ ಹಾಕಿ, ಉಳಿದದ್ದರಲ್ಲಿ ಉಳಿಸಿ. ಕೊಳ್ಳುವ ಮುಂಚೆ ಅದರ ತಳಕ್ಕೆ ಸ್ಟೀಲ್ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಅಲಗು ಹೊರಬರುವ ಸೀಳಿನ ಹತ್ತಿರ ದೊಡ್ಡ ಸಂದಿ ಕಂಡರೆ ಬೇರೆಯದು ಕೇಳಿ. ಅಲ್ಲಿ ತಗ್ಗಿರುವ ಹತ್ತರಿ ತೆಳುವಾಗಿ ಕೆತ್ತುವುದೇ ಇಲ್ಲ.

ಕೆಲಸದ ಜಾಗಕ್ಕೆ ಕಾರ್ ಶೆಡ್, ಜಗಲಿ, ತಾರಸಿಯ ನೆರಳು, ಯಾವುದಾದರೂ ಆದೀತು. ಆದರೆ ಮೇಜು ಅಲ್ಲಾಡಬಾರದು. ಅಲ್ಲಾಡುವ ಮೇಜಿನ ಮೇಲೆ ನೀವು ಹಾಕುವ ಶಕ್ತಿಯಲ್ಲಿ ಅರ್ಧ ಮೇಜಿಗೇ ಹೋಗುತ್ತದೆ. ಗೋಡೆಗೆ ಒತ್ತಿಸಿ, ಕೆಳಗೆ ಒಂದು ಮೂಟೆ ಮರಳು ಇಡಿ.

## 2. ಮರ ಒಣಗಿದೆಯೋ ಇಲ್ಲವೋ ತೂಗಿ ನೋಡುವುದು

ಮಣೆಗೆ ಹಲಸು ಒಳ್ಳೆಯದು, ತೇಗವೂ ಆಗುತ್ತದೆ. ಹಲಸು ಹೊಸದಾಗಿ ಕೆತ್ತಿದಾಗ ಅರಿಶಿನದ ಹಾಗೆ ಹಳದಿ ಇರುತ್ತದೆ, ಬೆಳಕು ತಾಗುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಹಳೇ ಹೆಂಚಿನ ಮನೆ ಕೆಡವಿದಾಗ ಸಿಗುವ ಬಾಗಿಲ ಹಲಗೆ ಇನ್ನೂ ಉತ್ತಮ, ವರ್ಷಗಟ್ಟಲೆ ಒಣಗಿರುತ್ತದೆ. ಅದರ ಮೇಲೆ ಮೊದಲು ಆಯಸ್ಕಾಂತ ಆಡಿಸಿ. ಒಳಗೆ ಮುರಿದ ಮೊಳೆ ಒಂದಿದ್ದರೂ ಹತ್ತರಿಯ ಅಲಗು ಹಾಳು.

ಮರದಂಗಡಿಯಲ್ಲಿ ಲೆಕ್ಕ ಘನ ಅಡಿಯಲ್ಲಿ. ಒಂದು ಘನ ಅಡಿ ಅಂದರೆ 1728 ಘನ ಇಂಚು. 16 ಇಂಚು ಉದ್ದ, 12 ಇಂಚು ಅಗಲ, 1 ಇಂಚು ದಪ್ಪದ ಹಲಗೆ 192 ಘನ ಇಂಚು, ಅಂದರೆ ಘನ ಅಡಿಯ ಒಂಬತ್ತನೇ ಒಂದು ಭಾಗ. ಈ ಲೆಕ್ಕ ತಲೆಯಲ್ಲಿದ್ದರೆ ಬೆಲೆ ಕೇಳುವಾಗ ತಡಬಡಾಯಿಸುವುದಿಲ್ಲ. 12 ಇಂಚಿನ ಹಲಗೆ ಸಿಗದಿದ್ದರೆ ಎರಡು 6 ಇಂಚಿನವನ್ನು ಅಂಚಿಗೆ ಅಂಚು ಅಂಟಿಸಬಹುದು. ಎರಡರ ಎಳೆಯೂ (ಮರದ ನಾರು ಸಾಗುವ ಸಾಲು) ಒಂದೇ ದಿಕ್ಕಿಗಿರುವುದರಿಂದ ಇಲ್ಲಿ ಅಂಟು ತೊಂದರೆ ಕೊಡುವುದಿಲ್ಲ.

"ಚೆನ್ನಾಗಿ ಒಣಗಿದೆ ಸಾರ್" ಅನ್ನುವ ಮಾತನ್ನು ಮಾತ್ರ ನಂಬಿಕೊಂಡು ಶುರು ಮಾಡಬೇಡಿ. ಹಲಗೆಯನ್ನು ಬೇಕಾದ್ದಕ್ಕಿಂತ ಒಂದಿಂಚು ಉದ್ದ, ಅರ್ಧ ಇಂಚು ಅಗಲ ಬಿಟ್ಟು ಕತ್ತರಿಸಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನೂ ತಾರೀಖನ್ನೂ ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಕೆಳಗೆ ಎರಡು ರೀಪು ಕೊಟ್ಟು, ಗಾಳಿ ಎಲ್ಲಾ ಕಡೆ ಆಡುವ ಹಾಗೆ ಮನೆಯೊಳಗೆ ಇಡಿ. ವಾರಕ್ಕೊಮ್ಮೆ ತೂಗಿ. ಮೂರು ವಾರ ತೂಕ ಬದಲಾಗದಿದ್ದರೆ ಕೆಲಸ ಶುರು ಮಾಡಬಹುದು. ಇಳಿಯುತ್ತಲೇ ಇದ್ದರೆ ಕಾಯಲೇಬೇಕು.

ಬೇಗ ಒಣಗಲಿ ಅಂತ ಬಿಸಿಲಿಗಿಡುವುದು ಎಲ್ಲರೂ ಮಾಡುವ ತಪ್ಪು. ಬಿಸಿಲು ತಾಗಿದ ಮುಖ ಮೊದಲು ಒಣಗಿ ಕುಗ್ಗುತ್ತದೆ, ಹಲಗೆ ದೋಣಿಯ ಹಾಗೆ ಬಾಗುತ್ತದೆ, ತುದಿಗಳಲ್ಲಿ ಕೂದಲೆಳೆ ಬಿರುಕು ಬರುತ್ತದೆ. ತುದಿಯಲ್ಲಿ ಅಂಥ ಬಿರುಕು ಈಗಾಗಲೇ ಇದ್ದರೆ ಅದು ಮುಗಿಯುವ ಜಾಗದಿಂದ ಇನ್ನೂ ಒಂದಿಂಚು ಒಳಗೆ ಕತ್ತರಿಸಿ ಬಿಸಾಡಿ.

## 3. ಸಾಣೆ ಹಿಡಿಯುವುದು

ಬಹಳ ಜನ ಈ ಹಂತ ಬಿಟ್ಟುಬಿಡುತ್ತಾರೆ. ಅಂಗಡಿಯಿಂದ ತಂದ ಹೊಸ ಉಳಿ, ಹೊಸ ಹತ್ತರಿ ಹರಿತವಾಗಿರುತ್ತವೆ ಅಂದುಕೊಳ್ಳುತ್ತಾರೆ. ಇರುವುದಿಲ್ಲ. ಮೊಂಡು ಅಲಗನ್ನು ಬಲ ಹಾಕಿ ತಳ್ಳಬೇಕಾಗುತ್ತದೆ, ಬಲ ಹಾಕಿದಾಗಲೇ ಕೈ ಜಾರುವುದು. ಕೈಗೆ ಗಾಯ ಆಗುವುದು ಹೆಚ್ಚಾಗಿ ಮೊಂಡು ಉಳಿಯಿಂದಲೇ.

ಸಾಣೆಕಲ್ಲು ಇದ್ದರೆ ಸರಿ. ಇಲ್ಲದಿದ್ದರೆ ಗ್ರಾನೈಟ್ ಅಂಗಡಿಯಲ್ಲಿ ಕತ್ತರಿಸಿ ಉಳಿದ, ಪಾಲಿಶ್ ಆದ ಒಂದು ತುಂಡು ತನ್ನಿ. ಅದರ ಮೇಲೆ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಹಾಸಿ, ಸ್ವಲ್ಪ ನೀರು ಚಿಮುಕಿಸಿದರೆ ತಾನೇ ಅಂಟಿಕೊಳ್ಳುತ್ತದೆ. 220, 400, 800, 1200, ಈ ಕ್ರಮದಲ್ಲಿ ಹೋಗಿ.

ಮೊದಲು ಅಲಗಿನ ಬೆನ್ನು, ಅಂದರೆ ಚಪ್ಪಟೆ ಬದಿ. ತುದಿಯ ಒಂದಿಂಚು ಭಾಗವನ್ನು ಪೂರ್ತಿ ಮಲಗಿಸಿ ಉಜ್ಜಿ, ಎಲ್ಲಾ ಕಡೆ ಒಂದೇ ಸಮ ಹೊಳಪು ಬರುವ ತನಕ. ಇದು ಹತಾರದ ಜೀವನದಲ್ಲಿ ಒಂದೇ ಸಲ ಮಾಡುವ ಕೆಲಸ, ಬೇಸರಪಡಬೇಡಿ. ಆಮೇಲೆ ಇಳಿಜಾರಿನ ಬದಿ. ಇಳಿಜಾರು 25ರಿಂದ 30 ಡಿಗ್ರಿ ಇರಬೇಕು. ಇರುವ ಇಳಿಜಾರನ್ನೇ ಕಾಗದದ ಮೇಲೆ ಪೂರ್ತಿ ಕೂರಿಸಿ, ಆ ಕೋನ ಬಿಡದೆ ಉಜ್ಜಿ. ಸ್ವಲ್ಪ ಹೊತ್ತಿಗೆ ಬೆನ್ನಿನ ಕಡೆ ಹೆಬ್ಬೆರಳನ್ನು ಅಂಚಿನಿಂದ ಹೊರಕ್ಕೆ ಮೆಲ್ಲಗೆ ಎಳೆದರೆ ಒಂದು ಸಣ್ಣ ಸುಳಿ, ಅಂದರೆ ಆಚೆಗೆ ಮಡಿಚಿಕೊಂಡ ಉಕ್ಕಿನ ತೆಳು ಏಣು, ಕೈಗೆ ತಾಕುತ್ತದೆ. ಅಂಚಿನ ಉದ್ದಕ್ಕೂ ಅದು ತಾಕಿದ ಮೇಲೆಯೇ ಮುಂದಿನ ಕಾಗದಕ್ಕೆ ಹೋಗಬೇಕು. ಕೊನೆಗೆ ಬೆನ್ನನ್ನು 1200ರ ಮೇಲೆ ಎರಡು ಸಲ ಎಳೆದರೆ ಸುಳಿ ಬಿದ್ದುಹೋಗುತ್ತದೆ.

ಪರೀಕ್ಷೆಗೆ ಮೆತ್ತನೆಯ ಮರದ ತುಂಡೊಂದರ ತುದಿಯನ್ನು, ಎಳೆಗಳು ಕೊನೆಯಾಗುವ ಕಡೆ, ಉಳಿಯಿಂದ ಕೈಯಲ್ಲೇ ಒತ್ತಿ ಕೆತ್ತಿ. ಮೇಲ್ಮೈ ಮೇಣದ ಹಾಗೆ ನುಣ್ಣಗೆ ಬಂದರೆ ಸರಿ. ಪುಡಿಯಾಗಿ ಬಿಳಿಚಿಕೊಂಡರೆ ಇನ್ನೂ ಸಾಲದು.

ತಿರುಗುವ ಸಾಣೆಚಕ್ರಕ್ಕೆ ಹಿಡಿಯುವವರು ಅಂಚಿನ ಬಣ್ಣ ನೋಡುತ್ತಿರಿ. ನೀಲಿ ಬಣ್ಣ ಬಂತು ಅಂದರೆ ಉಕ್ಕಿನ ಹದ ಹೋಯಿತು. ಆ ನೀಲಿ ಭಾಗ ಪೂರ್ತಿ ಸವೆದು ಹೋಗುವ ತನಕ ಅಲಗು ಹರಿತ ನಿಲ್ಲಿಸಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಆಯುಧಪೂಜೆಗೆ ಹತಾರಗಳಿಗೆ ಹಚ್ಚಿದ ಅರಿಶಿನ ಕುಂಕುಮವನ್ನು ವಿಜಯದಶಮಿಯ ಮಾರನೇ ದಿನವಾದರೂ ಒರೆಸಿಬಿಡಿ. ನೀರಲ್ಲಿ ಕಲಸಿದ ಕುಂಕುಮ ಅಲಗಿನ ಮೇಲೆ ವಾರಗಟ್ಟಲೆ ಕೂತರೆ ಅಡಿಯಲ್ಲಿ ತುಕ್ಕು ತಿಂದು ಗುಳಿ ಬೀಳುತ್ತದೆ. ಬೊಟ್ಟನ್ನು ಹಿಡಿಗೆ ಇಡಿ, ಅಲಗಿಗೆ ಒಂದು ತೊಟ್ಟು ಎಣ್ಣೆ ಸವರಿ.

## 4. ಮೊದಲ ಮುಖ ಸಮ ಮಾಡುವುದು

ಕುಂಟುವ ಮಣೆಯ ತಪ್ಪು ಕಾಲಿನಲ್ಲಿದೆ ಅಂತ ಎಲ್ಲರೂ ಕೆಳಗಿನ ಪಟ್ಟಿ ಉಜ್ಜುತ್ತಾರೆ. ತಪ್ಪು ಇರುವುದು ಇಲ್ಲಿ. ಹಲಗೆ ತಿರುಚಿಕೊಂಡಿದ್ದರೆ ಅದಕ್ಕೆ ಬಿಗಿದ ಪಟ್ಟಿಯೂ ತಿರುಚಿಯೇ ಕೂರುತ್ತದೆ.

ಹಲಗೆಯನ್ನು ಮೇಜಿನ ಮೇಲೆ ಇಟ್ಟು, ಎರಡು ನೇರ ಅಲ್ಯೂಮಿನಿಯಂ ಪಟ್ಟಿಗಳನ್ನು ಹಲಗೆಯ ಎರಡು ತುದಿಗೆ ಅಡ್ಡಡ್ಡ ಇಡಿ. ಬಗ್ಗಿ, ಒಂದು ಕಣ್ಣು ಮುಚ್ಚಿ, ಹತ್ತಿರದ ಪಟ್ಟಿಯ ಮೇಲಂಚಿನಿಂದ ದೂರದ ಪಟ್ಟಿಯ ಮೇಲಂಚನ್ನು ನೋಡಿ. ಎರಡೂ ಗೆರೆ ಒಂದಕ್ಕೊಂದು ಸಮವಾಗಿದ್ದರೆ ತಿರುಚಿಲ್ಲ. ಒಂದು ಕಡೆ ಎದ್ದಿದ್ದರೆ ಆ ಮೂಲೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎದ್ದಿರುವ ಎರಡು ಎದುರುಬದುರು ಮೂಲೆಗಳನ್ನೇ ಮೊದಲು ಕೆತ್ತಬೇಕು.

ಹತ್ತರಿಯ ಅಲಗನ್ನು ಮೊದಲು ಪೂರ್ತಿ ಒಳಕ್ಕೆ ಎಳೆದುಕೊಳ್ಳಿ. ಹಲಗೆಯ ಮೇಲೆ ಆಡಿಸುತ್ತಾ ಸ್ವಲ್ಪ ಸ್ವಲ್ಪವೇ ಹೊರಕ್ಕೆ ತನ್ನಿ, ಮೊದಲ ತೆಳು ಸಿಪ್ಪೆ ಬಂದ ಕೂಡಲೇ ನಿಲ್ಲಿಸಿ. ತಳಕ್ಕೆ ಮೇಣದಬತ್ತಿಯ ತುಂಡಿನಲ್ಲಿ ಒಂದು ಗೀಟು ಎಳೆದುಕೊಂಡರೆ ಅರ್ಧ ಶ್ರಮ ಕಡಿಮೆಯಾಗುತ್ತದೆ. ಮೊದಲು ಎಳೆಗೆ ಓರೆಯಾಗಿ ಹೊಡೆದು ಉಬ್ಬು ತೆಗೆಯಿರಿ, ಆಮೇಲೆ ಎಳೆಯುದ್ದಕ್ಕೆ. ಶುರುವಿನಲ್ಲಿ ಒತ್ತಡ ಮುಂದಿನ ಹಿಡಿಯ ಮೇಲೆ, ಕೊನೆಯಲ್ಲಿ ಹಿಂದಿನ ಹಿಡಿಯ ಮೇಲೆ. ಇದನ್ನು ಮರೆತರೆ ಹಲಗೆಯ ಎರಡೂ ತುದಿ ಸವೆದು ನಡುವೆ ಗುಡ್ಡ ಉಳಿಯುತ್ತದೆ.

ಕಿವಿ ಕೊಟ್ಟು ಕೇಳಿ. ಎಳೆಯ ಜೊತೆ ಹೋಗುವಾಗ ರೇಷ್ಮೆ ಬಟ್ಟೆ ಎಳೆದ ಹಾಗೆ ‘ಸುಂಯ್’ ಅನ್ನುತ್ತದೆ, ಸಿಪ್ಪೆ ಉಂಗುರ ಉಂಗುರವಾಗಿ ಸುತ್ತಿಕೊಂಡು ಹತ್ತರಿಯ ಬಾಯಿಂದ ಎದ್ದು ಬರುತ್ತದೆ. ಹಲಸಿನ ಸಿಪ್ಪೆಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತೆಳು. ನನ್ನ ಮಟ್ಟಿಗೆ ಇಡೀ ವಾರದ ದಣಿವು ಇಳಿಯುವುದು ಆ ಹತ್ತು ನಿಮಿಷದಲ್ಲಿ. ಎಳೆಗೆ ಎದುರಾದರೆ ‘ಕರಕರ’ ಅನ್ನುತ್ತದೆ, ಮೇಲ್ಮೈಯಿಂದ ಸಣ್ಣ ಚಕ್ಕೆಗಳು ಕಿತ್ತು ಬರುತ್ತವೆ. ಆ ಸದ್ದು ಬಂದ ಕ್ಷಣವೇ ನಿಲ್ಲಿಸಿ, ಹಲಗೆಯನ್ನು ತಿರುಗಿಸಿ ಆಚೆ ಕಡೆಯಿಂದ ಹೊಡೆಯಿರಿ. ಗಂಟಿನ ಸುತ್ತ ಎಳೆ ದಿಕ್ಕು ಬದಲಿಸುತ್ತದೆ, ಅಲ್ಲಿ ಅಲಗನ್ನು ಇನ್ನೂ ಒಳಗೆ ಎಳೆದುಕೊಂಡು ತೆಳುವಾಗಿ ಹೋಗಿ.

ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನಿಲ್ಲಿಸಿ ನೋಡಿ. ಎಲ್ಲೂ ಬೆಳಕು ನುಸುಳದಿದ್ದರೆ ಆ ಮುಖಕ್ಕೆ ಒಂದು ಗುರುತು ಹಾಕಿ. ಇನ್ನು ಮುಂದಿನ ಎಲ್ಲಾ ಅಳತೆಯೂ ಈ ಮುಖದಿಂದಲೇ. ಪಟ್ಟಿ ಕೂರುವುದೂ ಇದೇ ಮುಖದ ಮೇಲೆ.

## 5. ಅಂಚು, ಕತ್ತರಿಸುವುದು, ಕೆಳಪಟ್ಟಿ

ಒಂದು ಉದ್ದದ ಅಂಚನ್ನು ಹತ್ತರಿ ಹೊಡೆದು ನೇರ ಮಾಡಿ, ಗುರುತಿನ ಮುಖಕ್ಕೆ ಮೂಲೆಮಟ್ಟ ಹಿಡಿದು ನೋಡಿ. ಈ ಅಂಚಿನಿಂದ 11 ಇಂಚು ಅಳೆದು ಇನ್ನೊಂದು ಅಂಚು. ಆಮೇಲೆ ಗುರುತಿನ ಮುಖದಿಂದ 22 ಮಿ.ಮೀ. ಅಳೆದು ಸುತ್ತಲೂ ಗೆರೆ ಎಳೆದು, ಮೇಲ್ಮುಖವನ್ನು ಆ ಗೆರೆಗೆ ಇಳಿಸಿ.

ಅಡ್ಡ ಕತ್ತರಿಸುವ ಜಾಗದಲ್ಲಿ ಪೆನ್ಸಿಲ್ ಗೆರೆ ಬೇಡ. ಮೂಲೆಮಟ್ಟಕ್ಕೆ ಒತ್ತಿ ಹರಿತವಾದ ಚಾಕುವಿನಿಂದ ಗೀರಿ. ಎಳೆ ಮೊದಲೇ ತುಂಡಾಗಿರುವುದರಿಂದ ಗರಗಸ ಚಕ್ಕೆ ಎಬ್ಬಿಸುವುದಿಲ್ಲ. ಗರಗಸವನ್ನು ಗೆರೆಯ ಮೇಲಲ್ಲ, ಬಿಸಾಡುವ ಭಾಗದ ಕಡೆ, ಗೆರೆಗೆ ತಾಗಿದ ಹಾಗೆ ಇಡಿ. ಮೊದಲ ಎರಡು ಮೂರು ಎಳೆತ ಹಿಂದಕ್ಕೆ. ತೋರುಬೆರಳು ಅಲಗಿನ ದಿಕ್ಕಿಗೆ ಚಾಚಿರಲಿ, ಗರಗಸ ತಾನೇ ನೇರ ಹೋಗುತ್ತದೆ. ಒತ್ತಬೇಡಿ, ಪೂರ್ತಿ ಉದ್ದ ಬಳಸಿ.

ಕತ್ತರಿಸಿದ ತುದಿಗೆ ಹತ್ತರಿ ಹೊಡೆಯುವಾಗ ಎರಡೂ ಕಡೆಯಿಂದ ನಡುವಿನವರೆಗೆ ಮಾತ್ರ ಹೋಗಿ. ಒಂದೇ ಕಡೆಯಿಂದ ಕೊನೆವರೆಗೂ ಹೋದರೆ ಆಚೆ ಮೂಲೆ ಒಡೆದು ಬೀಳುತ್ತದೆ.

ಕೆಳಪಟ್ಟಿಯ ಎಳೆ ಪಟ್ಟಿಯ ಉದ್ದಕ್ಕೆ ಇರಲಿ. ಎರಡನ್ನೂ ಜೊತೆಗೆ ಕ್ಲ್ಯಾಂಪ್ ಮಾಡಿ ಒಟ್ಟಿಗೇ ಹತ್ತರಿ ಹೊಡೆದರೆ ಎತ್ತರ ಒಂದೇ ಬರುತ್ತದೆ. ನೆಲಕ್ಕೆ ತಾಗುವ ಬದಿಯಲ್ಲಿ ನಡುವಿನ 5 ಇಂಚನ್ನು 2 ಮಿ.ಮೀ. ಆಳಕ್ಕೆ ಉಳಿಯಿಂದ ಕೆತ್ತಿ ತೆಗೆಯಿರಿ. ಆಗ ಮಣೆ ಪಟ್ಟಿಯ ನಾಲ್ಕು ತುದಿಗಳ ಮೇಲೆ ಮಾತ್ರ ನಿಲ್ಲುತ್ತದೆ. ನೆಲ ಸ್ವಲ್ಪ ಉಬ್ಬುತಗ್ಗಿದ್ದರೂ ತೊಂದರೆ ಕಡಿಮೆ.

## 6. ಬಿಗಿಯುವುದು: ಸೀಳುವ ಜಾಗ ಇದೇ

ಮರ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಆದರೆ ಅಗಲಕ್ಕೆ ಹಾಗಲ್ಲ. ಮಳೆಗಾಲದ ಗಾಳಿಯಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. 11 ಇಂಚಿನ ಹಲಗೆಯಲ್ಲಿ ಅದು ಒಂದೆರಡು ಮಿ.ಮೀ. ಆದೀತು. ಪಟ್ಟಿಯ ಎಳೆ ಹಲಗೆಗೆ ಅಡ್ಡವಾಗಿದೆ, ಅಂದರೆ ಹಲಗೆ ಕುಗ್ಗುವ ದಿಕ್ಕಿನಲ್ಲಿ ಪಟ್ಟಿ ಕುಗ್ಗುವುದಿಲ್ಲ. ಎರಡನ್ನೂ ಮೂರು ಕಡೆ ಬಿಗಿದಿಟ್ಟರೆ, ಅಥವಾ ಉದ್ದಕ್ಕೂ ಫೆವಿಕಾಲ್ ಹಾಕಿದರೆ, ಕುಗ್ಗಲು ಜಾಗವಿಲ್ಲದ ಹಲಗೆ ತನ್ನನ್ನೇ ಸೀಳಿಕೊಳ್ಳುತ್ತದೆ. ಆಚಾರಿಯವರು ಕೇಳಿದ್ದು ಇದನ್ನೇ.

ಹಾಗಾಗಿ ಅಂಟು ಹಾಕಬೇಡಿ. ಪ್ರತಿ ಪಟ್ಟಿಗೆ ಮೂರು ಸ್ಕ್ರೂ. ನಡುವಿನದು ಗಟ್ಟಿ, ಎರಡು ತುದಿಯವು ಜರುಗುವಂಥವು. ಎಂಟು ನಂಬರಿನ, ಒಂದೂವರೆ ಇಂಚು ಉದ್ದದ, ಗುಂಡು ತಲೆಯ ಸ್ಕ್ರೂ ಮತ್ತು ಸುಮಾರು 9 ಮಿ.ಮೀ. ಅಗಲದ ವಾಷರ್ ತೆಗೆದುಕೊಳ್ಳಿ. ಚಪ್ಪಟೆ ತಲೆಯ ಸ್ಕ್ರೂ ಇಲ್ಲಿಗಾಗದು, ಅದರ ಇಳಿಜಾರು ತೂತಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ತೂತು ಕೊರೆಯುವ ಕ್ರಮ ಮುಖ್ಯ. ಮೊದಲು ನೆಲದ ಬದಿಯಿಂದ 12 ಮಿ.ಮೀ. ಬಿಟ್‌ನಲ್ಲಿ 10 ಮಿ.ಮೀ. ಆಳದ ಗುಂಡಿ, ಸ್ಕ್ರೂ ತಲೆ ಕೂರಲು. ಆಮೇಲೆ ಅದರ ನಡುವೆ 4.5 ಮಿ.ಮೀ. ತೂತು ಆಚೆಗೆ. ಮೊದಲೇ ಸಣ್ಣ ತೂತು ಮಾಡಿದರೆ ದೊಡ್ಡ ಬಿಟ್‌ಗೆ ನಡು ಸಿಗದೆ ಅಲೆದಾಡುತ್ತದೆ. ನಡುವಿನ ತೂತು ಅಷ್ಟಕ್ಕೇ ಬಿಡಿ. ತುದಿಯ ತೂತುಗಳನ್ನು ಮಾತ್ರ ಗುಂಡು ಅರದಿಂದ ಪಟ್ಟಿಯ ಉದ್ದದ ದಿಕ್ಕಿಗೆ ಎರಡೂ ಬದಿ ಉಜ್ಜಿ, ಒಟ್ಟು 8 ಮಿ.ಮೀ. ಉದ್ದದ ಸೀಳುತೂತು ಮಾಡಿ. ದಿಕ್ಕು ತಪ್ಪಿ ಪಟ್ಟಿಯ ಅಗಲಕ್ಕೆ ಉಜ್ಜಿದವರ ಮಣೆಯೂ ಸೀಳಿದ್ದನ್ನು ನೋಡಿದ್ದೇನೆ.

ಪಟ್ಟಿಯನ್ನು ಹಲಗೆಯ ತುದಿಯಿಂದ ಎರಡೂವರೆ ಇಂಚು ಒಳಗೆ, ಮೂಲೆಮಟ್ಟ ಹಿಡಿದು ಕೂರಿಸಿ ಕ್ಲ್ಯಾಂಪ್ ಮಾಡಿ. ಹಲಗೆಯಲ್ಲಿ 3 ಮಿ.ಮೀ. ತೂತು, 16 ಮಿ.ಮೀ. ಆಳ ಮಾತ್ರ. ಬಿಟ್‌ಗೆ ಆ ಅಳತೆಯಲ್ಲಿ ಒಂದು ಚೂರು ಟೇಪ್ ಸುತ್ತಿಕೊಳ್ಳಿ, ಟೇಪ್ ಹಲಗೆಗೆ ಅಲ್ಲ, ಪಟ್ಟಿಯ ಗುಂಡಿಯ ತಳಕ್ಕೆ ತಾಗುವುದರಿಂದ ಗುಂಡಿ ಕಳೆದು ಉಳಿದ ಪಟ್ಟಿಯ ದಪ್ಪವನ್ನೂ (32ರಲ್ಲಿ 10 ಕಳೆದರೆ 22) ಸೇರಿಸಿ ಲೆಕ್ಕ ಹಾಕಿ: 22 ಮತ್ತು 16, ಒಟ್ಟು 38 ಮಿ.ಮೀ. ಸೀಳುತೂತಿನಲ್ಲಿ ಬಿಟ್ ಸರಿಯಾಗಿ ನಡುವೆ ಇರಲಿ. ಸ್ಕ್ರೂಗೆ ಸೋಪು ಸವರಿ ತಿರುಗಿಸಿ. ನಡುವಿನದು ಬಿಗಿಯಾಗಿ. ತುದಿಯವು ಬಿಗಿಯಾದ ಮೇಲೆ ಕಾಲು ಸುತ್ತು ಹಿಂದಕ್ಕೆ.

ಸ್ಕ್ರೂ ತಿರುಗಿಸುವಾಗ ‘ಕಿರ್’ ಅಂತ ಸದ್ದು ಬಂದು ಕೈಗೆ ವಿಪರೀತ ಬಿಗಿ ಅನ್ನಿಸಿದರೆ ಮುಂದುವರಿಯಬೇಡಿ. ಹೊರತೆಗೆದು ತೂತಿನ ಪುಡಿ ಊದಿ ಮತ್ತೆ ಹಾಕಿ.

## 7. ಕುಂಟು ನೋಡುವುದು

ಮಣೆಯನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟು ಮೂಲೆಗಳನ್ನು ಒತ್ತಿ. ನಾಲ್ಕೂ ತುದಿಯ ಕೆಳಗೆ ಒಂದೊಂದು ಕಾಗದದ ಚೂರು ಇಟ್ಟು ಎಳೆದು ನೋಡಿ. ಸಡಿಲವಾಗಿ ಬರುವ ಕಾಗದದ ಮೂಲೆ ಗಿಡ್ಡ. ಅದನ್ನು ಮುಟ್ಟಬೇಡಿ, ಅದರ ಪಕ್ಕದ ಎರಡು ಮೂಲೆಗಳೇ ಎತ್ತರದವು. ಕಟ್ಟೆಯ ಮೇಲೆ 80 ನಂಬರಿನ ಉಪ್ಪುಕಾಗದ ಹಾಸಿ, ಆ ಮೂಲೆಗಳನ್ನು ಹತ್ತು ಸಲ ಉಜ್ಜಿ, ಮತ್ತೆ ಕಾಗದ ಎಳೆದು ನೋಡಿ. ನೋಡದೆ ಉಜ್ಜುತ್ತಾ ಹೋದರೆ ಒಂದು ಸಲ ಈ ಮೂಲೆ, ಒಂದು ಸಲ ಆ ಮೂಲೆ ಅಂತ ಪಟ್ಟಿ ಕರಗಿಹೋಗುತ್ತದೆ.

## 8. ಎಣ್ಣೆ ಹಚ್ಚುವುದು

ಅಂಚುಗಳ ಚೂಪನ್ನು ಹತ್ತರಿಯಿಂದ ಸವರಿ ತೆಗೆಯಿರಿ. ಉಪ್ಪುಕಾಗದ 120, 180, 240, ಯಾವಾಗಲೂ ಎಳೆಯುದ್ದಕ್ಕೆ. ಮೂಗಿಗೆ ಮಾಸ್ಕ್ ಇರಲಿ, ತೇಗದ ಪುಡಿ ಕೆಲವರಿಗೆ ಚರ್ಮಕ್ಕೂ ಮೂಗಿಗೂ ಉರಿ ತರುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಒಣಗಿದ ಮೇಲೆ ಏಳುವ ಮುಳ್ಳಿನಂಥ ಎಳೆಗಳನ್ನು 240ರಲ್ಲಿ ಹಗುರವಾಗಿ ತೆಗೆಯಿರಿ. ಈಗ ಬಿಟ್ಟರೆ ಆ ಮುಳ್ಳು ಮಣೆ ಮೊದಲ ಸಲ ಒದ್ದೆಯಾದಾಗ ಏಳುತ್ತದೆ.

ಎಣ್ಣೆ ಅಗಸೆಯದ್ದೇ ಆಗಬೇಕು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮರದಲ್ಲಿ ಗಟ್ಟಿಯಾಗುವುದಿಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ, ಹಸಿ ಎಣ್ಣೆಗಿಂತ ಬೇಗ ಒಣಗುತ್ತದೆ. ಮೊದಲ ಕೋಟಿಗೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಮೇಲುಳಿದದ್ದನ್ನೆಲ್ಲ ಒರೆಸಿಬಿಡಿ. ಒರೆಸದೆ ಬಿಟ್ಟರೆ ಅಂಟಂಟಾಗಿ ವಾರವಾದರೂ ಒಣಗದು. ಒಂದೊಂದು ದಿನ ಬಿಟ್ಟು ಇನ್ನೆರಡು ಕೋಟು. ಮಳೆಗಾಲದಲ್ಲಿ ಎರಡು ಮೂರು ದಿನ ಬೇಕಾಗುತ್ತದೆ. ಮೇಲ್ಭಾಗಕ್ಕೆ ಎಷ್ಟು ಹಚ್ಚಿದಿರೋ ಅಡಿಗೂ ಅಷ್ಟೇ ಹಚ್ಚಿ. ಒಂದೇ ಮುಖಕ್ಕೆ ಹಚ್ಚಿದ ಹಲಗೆಯ ಎರಡು ಬದಿ ತೇವ ಎಳೆದುಕೊಳ್ಳುವ ವೇಗ ಬೇರೆಯಾಗಿ, ಬಾಗುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು, ಬೆಂಕಿ ತಾಗಿಸದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ಮರದ ಹೊಟ್ಟು, ಸಿಪ್ಪೆ ತುಂಬಿದ ಶೆಡ್ಡಿನಲ್ಲಿ ಇದು ನಿಜಕ್ಕೂ ಅಪಾಯ. ನೀರಲ್ಲಿ ನೆನೆಸಿ, ಹೊರಗೆ ತಂತಿಯ ಮೇಲೆ ಒಂದೇ ಪದರವಾಗಿ ಹರವಿ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

ಮಣೆಯ ಅಡಿಯಲ್ಲಿ ಯಾವ ಮರ, ಯಾವ ತಿಂಗಳು ಮಾಡಿದ್ದು, ಆಗ ಅಗಲ ಎಷ್ಟಿತ್ತು ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ. ಶಿವರಾತ್ರಿ ಆಸುಪಾಸಿನಲ್ಲಿ ಒಮ್ಮೆ, ಆಷಾಢದಲ್ಲಿ ಒಮ್ಮೆ ಬೋರಲು ಹಾಕಿ ಅಗಲ ಅಳೆಯಿರಿ. ತುದಿಯ ವಾಷರ್‌ಗಳು ಗುಂಡಿಯೊಳಗೆ ಕೂದಲೆಳೆಯಷ್ಟು ಜರುಗಿರುವುದು ಕಾಣುತ್ತದೆ. ನಡುವಿನ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಿ, ತುದಿಯವನ್ನು ಹಾಗೇ ಬಿಡಿ.